ಪದವನ್ನರಿತು ಪದಾರ್ಥವನ್ನು ಕಳುಹಬೇಕು

‘ಪದಾರ್ಥ’ ಎಂಬ ಶಬ್ದಕ್ಕೆ ಪದದ ಅರ್ಥವೆಂಬುದೇ ಮೂಲ ನಿರ್ವಚನ. ಕನ್ನಡದ ಮನೆಮಾತಿನಲ್ಲಿ ಅದು ವಸ್ತು, ಸಾಮಾನು, ತಿನಿಸು ಎಂಬ ಅರ್ಥಗಳಿಗೂ ಹರಡಿಕೊಂಡಿದೆ. ಒಂದು ಸಂಸಾರದ ಸಾಮಾನೆಲ್ಲ ಕಡಲು ದಾಟಿ ಇನ್ನೊಂದು ದೇಶಕ್ಕೆ ಸಾಗುವ ಸಂದರ್ಭದಲ್ಲಿ ಈ ಎರಡು ಅರ್ಥಗಳೂ ಒಂದೆಡೆ ಬಂದು ನಿಲ್ಲುತ್ತವೆ. ಕಾಗದದ ಮೇಲಿನ ಪದದ ಅರ್ಥವನ್ನು ಅರಿಯದೆ ಸಹಿ ಹಾಕಿದವರಿಗೆ ಪೆಟ್ಟಿಗೆಯೊಳಗಿನ ಪದಾರ್ಥ ಸುಖವಾಗಿ ಕೈಸೇರುವುದು ದುರ್ಲಭ.

ಓದುಗ ಬಂಧುಗಳಿಗೆ ಈ ವಿಷಯ ನಮ್ಮ ಅಂಕಣಕ್ಕೆ ಹೊರತಾದುದೆಂದು ತೋರಬಹುದು. ಆದರೆ ಧಾರವಾಡ, ಬೆಳಗಾವಿ, ದಾವಣಗೆರೆ, ಮೈಸೂರು ಎಲ್ಲಿಗೆ ಹೋದರೂ ಮಗನೋ ಮಗಳೋ ಪರದೇಶದಲ್ಲಿರುವ ಮನೆಗಳು ಇಂದು ಹಲವು. ಹತ್ತು ಹದಿನೈದು ವರ್ಷ ಅಲ್ಲಿದ್ದವರು ತಂದೆತಾಯಿಗಳ ವೃದ್ಧಾಪ್ಯವನ್ನು ನೆನೆದೋ ಮಕ್ಕಳ ವಿದ್ಯಾಭ್ಯಾಸವನ್ನು ನೆನೆದೋ ಸಂಸಾರಸಮೇತ ಹಿಂದಿರುಗುತ್ತಾರೆ. ಆಗ ಇಲ್ಲಿರುವ ಹಿರಿಯರಿಗೆ ದೂರವಾಣಿಯಲ್ಲಿ, “ಅಪ್ಪಾಜಿ, ಕಂಟೇನರ್ ಬರುತ್ತದೆ, ಕಾಗದಪತ್ರಕ್ಕೆ ನಿಮ್ಮ ಹೆಸರು ಕೊಟ್ಟಿದ್ದೇನೆ” ಎಂಬ ಮಾತು ಬರುತ್ತದೆ. “ಆಗಲಿ ಮಗು” ಎಂದು ಅವರು ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡದ್ದು ಏನನ್ನು ಎಂಬುದು ಇಬ್ಬರಿಗೂ ತಿಳಿದಿರುವುದಿಲ್ಲ.

ಈ ವ್ಯವಹಾರದ ಶಬ್ದಗಳು ಹಲವಿದ್ದರೂ ಅವುಗಳನ್ನು ತಿಳಿಯುವ ಕೀಲಿಕೈ ಒಂದೇ. ಎದುರಿಗೆ ಬಂದ ಪ್ರತಿಯೊಂದು ಶಬ್ದಕ್ಕೂ ಮೂರು ಪ್ರಶ್ನೆ ಹಾಕಬೇಕು: ಹೊಣೆ ಯಾರದು? ಅದು ಎಲ್ಲಿಂದ ಎಲ್ಲಿಯವರೆಗೆ? ಹಣ ತೆರಬೇಕಾದವರು ಯಾರು? ಈ ಮೂರಕ್ಕೆ ಉತ್ತರ ದೊರೆತರೆ ಶಬ್ದದ ಅರ್ಥ ದೊರೆತಂತೆಯೇ ಸರಿ. ಅಮೆರಿಕದಿಂದ ಬೆಂಗಳೂರಿಗೆ ಮರಳುವ ಒಂದು ಕುಟುಂಬವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿವರಿಸುತ್ತೇವೆ.

ಅಳತೆಯ ಮಾತುಗಳು

1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು ಅಮೆರಿಕದ ನ್ಯೂವಾರ್ಕ್ ಬಂದರಿನಿಂದ 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್ನಿಗೆ ಹೊರಟಿತು. ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಉದ್ಯಮಿಯ ಯೋಜನೆ ಅದು. ಒಂದೊಂದು ಮೂಟೆಯನ್ನು ಹೊತ್ತು ಹಡಗಿಗೆ ಏರಿಸುವ ಬದಲು ಪೆಟ್ಟಿಗೆಯನ್ನೇ ಎತ್ತಿಡುವ ಈ ಪದ್ಧತಿಯಿಂದ ಕಂಟೇನರ್ ಎಂಬ ಮಾತು ಜಗತ್ತಿನಲ್ಲೆಲ್ಲ ಬಳಕೆಗೆ ಬಂದಿತು. ಇಂದು ಮನೆಸಾಮಾನಿಗೆ ಬಳಸುವುದು ಮುಖ್ಯವಾಗಿ 20 ಅಡಿ ಮತ್ತು 40 ಅಡಿ ಉದ್ದದ ಎರಡು ಬಗೆ. 20 ಅಡಿಯದರ ಒಳಗಿನ ಅವಕಾಶ ಸುಮಾರು 33 ಘನ ಮೀಟರ್, 40 ಅಡಿಯದರದು ಸುಮಾರು 67 ಘನ ಮೀಟರ್. ಒಂದು ಘನ ಮೀಟರೆಂದರೆ ಸುಮಾರು 35 ಘನ ಅಡಿ. ಅಮೆರಿಕದವರು ಘನ ಅಡಿ, ಪೌಂಡುಗಳಲ್ಲಿ ಲೆಕ್ಕ ಹೇಳುವುದರಿಂದ ಎರಡು ಕಂಪನಿಗಳ ದರವನ್ನು ಹೋಲಿಸುವ ಮೊದಲು ಅಳತೆಯನ್ನು ಒಂದೇ ಮಾನಕ್ಕೆ ತರಬೇಕು.

ಇಡೀ ಕಂಟೇನರ್ ಒಂದೇ ಮನೆಯವರದಾಗಿದ್ದರೆ ಅದಕ್ಕೆ ‘ಎಫ್.ಸಿ.ಎಲ್.’ ಎನ್ನುತ್ತಾರೆ. ಸಾಮಾನು ಕಡಿಮೆಯಿದ್ದು ಇತರರ ಸಾಮಾನಿನೊಡನೆ ಒಂದೇ ಕಂಟೇನರಿನಲ್ಲಿ ಸಾಗಿದರೆ ‘ಎಲ್.ಸಿ.ಎಲ್.’ ಹಲವು ಮನೆಗಳ ಸಾಮಾನನ್ನು ಕೂಡಿಸಿ ಒಂದು ಕಂಟೇನರ್ ತುಂಬುವ ಕ್ರಮಕ್ಕೆ ‘ಗ್ರೂಪೇಜ್’ ಎಂಬ ಹೆಸರುಂಟು. ಇದು ಸೋವಿ. ಆದರೆ ಕಂಟೇನರ್ ತುಂಬುವವರೆಗೆ ನಮ್ಮ ಸಾಮಾನು ಉಗ್ರಾಣದಲ್ಲಿ ಕಾಯಬೇಕು. ಇಳಿದ ಮೇಲೆ ಬೇರ್ಪಡಿಸುವವರೆಗೆ ಮತ್ತೆ ಕಾಯಬೇಕು. ಇಂಥಲ್ಲಿ ಮನೆಯ ಸಾಮಾನನ್ನು ‘ಲಿಫ್ಟ್‌ವ್ಯಾನ್’ ಎಂಬ ಪ್ಲೈವುಡ್ಡಿನ ದೊಡ್ಡ ಪೆಟ್ಟಿಗೆಯಲ್ಲಿಟ್ಟು ಮುಚ್ಚುವುದು ವಾಡಿಕೆ. ಅದರ ಗಾತ್ರ ಸುಮಾರು 200 ಘನ ಅಡಿ.

ವಿಮಾನದಲ್ಲಿ ಕಳುಹಿಸುವಾಗ ‘ವಾಲ್ಯೂಮೆಟ್ರಿಕ್ ತೂಕ’ವೆಂಬ ಇನ್ನೊಂದು ಮಾತು ಬರುತ್ತದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಬರುವ ಕಿಲೋಗ್ರಾಂ ಇದು. 60, 45, 45 ಸೆಂ.ಮೀ. ಅಳತೆಯ ಪೆಟ್ಟಿಗೆಗೆ ಇದು 20.25 ಕಿಲೋ ಆಗುತ್ತದೆ. ಅದರಲ್ಲಿ 5 ಕಿಲೋ ತೂಗುವ ದಿಂಬುಗಳಿದ್ದರೂ 20.25 ಕಿಲೋಗೇ ಬಾಡಿಗೆ; 30 ಕಿಲೋ ಪುಸ್ತಕಗಳಿದ್ದರೆ 30 ಕಿಲೋಗೆ ಬಾಡಿಗೆ. ಎರಡರಲ್ಲಿ ಹೆಚ್ಚಿನದನ್ನೇ ಹಿಡಿಯುತ್ತಾರೆ. ಕೊರಿಯರ್ ಕಂಪನಿಗಳು ಅನೇಕವೇಳೆ 5000ದಿಂದ ಭಾಗಿಸುವುದರಿಂದ ಅವರ ಲೆಕ್ಕದಲ್ಲಿ ತೂಕ ಇನ್ನೂ ಹೆಚ್ಚುತ್ತದೆ.

ಬಾಗಿಲೆಂದರೆ ಯಾವ ಬಾಗಿಲು?

‘ಡೋರ್ ಟು ಡೋರ್’, ಅಂದರೆ ಬಾಗಿಲಿನಿಂದ ಬಾಗಿಲಿಗೆ, ಎಂಬುದು ಕಿವಿಗೆ ಇಂಪಾದ ಮಾತು. ಅಲ್ಲಿಯ ಮನೆಯ ಕೋಣೆಯಿಂದ ಇಲ್ಲಿಯ ಮನೆಯ ಪಡಸಾಲೆಯವರೆಗೆ ಎಲ್ಲವೂ ಕಂಪನಿಯ ಹೊಣೆ ಎಂದು ನಾವು ತಿಳಿಯುತ್ತೇವೆ. ಕರಾರಿನ ಕೆಳಗಣ ಸಣ್ಣಕ್ಷರಗಳಲ್ಲಿ ಬೇರೆಯೇ ಮಾತಿರಬಹುದು. ಮೂರನೆಯ ಮಹಡಿಗೆ ಹೊರುವ ಕೂಲಿ ಸೇರಿದೆಯೇ? ಪೆಟ್ಟಿಗೆ ಬಿಚ್ಚಿ ಮಂಚ ಜೋಡಿಸಿಕೊಡುವರೇ? ಖಾಲಿ ರಟ್ಟುಗಳನ್ನು ಒಯ್ಯುವರೇ? ಕಂಟೇನರ್ ಲಾರಿ ಹೊಗದ ಓಣಿಯಾಗಿದ್ದರೆ ಚಿಕ್ಕ ವಾಹನಕ್ಕೆ ಸಾಮಾನನ್ನು ವರ್ಗಾಯಿಸಬೇಕಾಗುತ್ತದೆ. ಅದಕ್ಕೆ ‘ಷಟಲ್’ ಎಂಬ ಹೆಸರಿನಲ್ಲಿ ಬೇರೆ ಹಣ ಕೇಳುವುದುಂಟು. ನಮ್ಮ ಹಳೆಯ ಪೇಟೆಗಳ ಓಣಿಗಳನ್ನು ಬಲ್ಲವರಿಗೆ ಇದರ ಮಹತ್ವವನ್ನು ಹೇಳಬೇಕಾಗಿಲ್ಲ.

‘ಡೋರ್ ಟು ಪೋರ್ಟ್’ ಎಂದಿದ್ದರೆ ಕಂಪನಿಯ ಹೊಣೆ ಬಂದರಿಗೆ ಮುಗಿಯಿತು. ಅಲ್ಲಿಂದ ಬಿಡಿಸಿ ತರುವ ಭಾರವೆಲ್ಲ ನಮ್ಮದು. ಬಂದರಿನಲ್ಲಿ ಕಂಟೇನರನ್ನು ಎತ್ತಿ ಇಳಿಸುವುದಕ್ಕೆ ‘ಟರ್ಮಿನಲ್ ಹ್ಯಾಂಡ್ಲಿಂಗ್’ ಶುಲ್ಕವಿರುತ್ತದೆ. ಅಗ್ಗದ ದರ ಹೇಳಿದವರು ಹಲವು ವೇಳೆ ಇದನ್ನು ಬಿಟ್ಟು ಹೇಳಿರುತ್ತಾರೆ. ಕಸ್ಟಮ್ಸ್ ಸುಂಕವನ್ನಂತೂ ಸಾಮಾನ್ಯವಾಗಿ ಯಾರೂ ದರದಲ್ಲಿ ಸೇರಿಸುವುದಿಲ್ಲ. ಆದ್ದರಿಂದ ‘ಏನೇನು ಸೇರಿದೆ’ ಎಂದು ಕೇಳುವುದರ ಜೊತೆಗೆ ‘ಏನೇನು ಸೇರಿಲ್ಲ’ ಎಂಬುದನ್ನೂ ಬರಹದಲ್ಲಿ ಪಡೆಯಬೇಕು.

ಅಭಾವವೂ ಒಂದು ಪದಾರ್ಥ

ಮಠದ ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರು ಸಪ್ತ ಪದಾರ್ಥಗಳನ್ನು ಬಲ್ಲರು. ಅವುಗಳಲ್ಲಿ ಕೊನೆಯದು ಅಭಾವ. ಯಾವ ವಸ್ತು ಇಲ್ಲವೆಂದು ಹೇಳುತ್ತೇವೆಯೋ ಅದಕ್ಕೆ ಪ್ರತಿಯೋಗಿ ಎಂದು ಹೆಸರು. ಪ್ರತಿಯೋಗಿಯ ಜ್ಞಾನವಿಲ್ಲದೆ ಅಭಾವದ ಜ್ಞಾನವಿಲ್ಲವೆಂಬುದು ತರ್ಕಶಾಸ್ತ್ರದ ನಿಯಮ. ಮನೆಸಾಮಾನಿನ ‘ಇನ್ವೆಂಟರಿ’, ಅಂದರೆ ಪೆಟ್ಟಿಗೆವಾರು ಪಟ್ಟಿ, ಈ ನಿಯಮದ ಮೇಲೆಯೇ ನಿಂತಿದೆ. ಪಟ್ಟಿಯಲ್ಲಿ ‘ಅಡುಗೆ ಸಾಮಾನು, ಒಂದು ಪೆಟ್ಟಿಗೆ’ ಎಂದಷ್ಟೇ ಇದ್ದರೆ, ಅಜ್ಜಿ ಕೊಟ್ಟ ಹಿತ್ತಾಳೆಯ ಕೊಳಗ ಕಾಣೆಯಾಯಿತೆಂದು ಯಾವ ಆಧಾರದ ಮೇಲೆ ಹೇಳುವುದು? ಅದು ಇತ್ತೆಂಬುದಕ್ಕೇ ಪ್ರಮಾಣವಿಲ್ಲ.

ಪಟ್ಟಿಯಲ್ಲಿ ವಸ್ತುವಿನ ಮುಂದೆ ಚಿಕ್ಕ ಗುರುತುಗಳಿರುತ್ತವೆ. ಅಮೆರಿಕದ ವಾಡಿಕೆಯಲ್ಲಿ ‘ಎಸ್.ಸಿ.’ ಎಂದರೆ ಗೀರು ಬಿದ್ದದ್ದು, ‘ಸಿ.ಎಚ್.’ ಎಂದರೆ ಚೂರು ಹಾರಿದ್ದು, ‘ಬಿ.ಆರ್.’ ಎಂದರೆ ಮುರಿದದ್ದು. ಸಾಮಾನು ಮನೆಯಿಂದ ಹೊರಡುವ ಮೊದಲೇ ಆ ದೋಷವಿತ್ತೆಂದು ಒಪ್ಪಿಕೊಂಡಂತೆ ಇದರ ಅರ್ಥ. ಚೆನ್ನಾಗಿರುವ ಮೇಜಿನ ಮುಂದೆ ಈ ಗುರುತು ಕಂಡರೆ ಸಹಿಗೆ ಮುಂಚೆಯೇ ತಿದ್ದಿಸಬೇಕು.

ಇನ್ನೊಂದು ಗುರುತು ‘ಪಿ.ಬಿ.ಒ.’ ಮನೆಯವರೇ ತುಂಬಿ ಕಟ್ಟಿದ ಪೆಟ್ಟಿಗೆ ಎಂದು ಇದರ ತಾತ್ಪರ್ಯ. ಪ್ಯಾಕಿಂಗ್ ಕೂಲಿ ಉಳಿಯಲಿ ಎಂದು ಗೃಹಿಣಿಯರು ಪಾತ್ರೆಪಡಗಗಳನ್ನು ತಾವೇ ಕಟ್ಟಿಡುತ್ತಾರೆ. ಅಂಥ ಪೆಟ್ಟಿಗೆಯೊಳಗೆ ಗಾಜು ಒಡೆದರೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಪರಿಹಾರ ಕೊಡುವುದಿಲ್ಲ. ಪೆಟ್ಟಿಗೆಯೇ ಕಳೆದುಹೋದರೆ ಮಾತ್ರ ಕೊಡಬಹುದು. ಬಟ್ಟೆ, ಹಾಸಿಗೆಗಳನ್ನು ನಾವು ಕಟ್ಟೋಣ. ಒಡೆಯುವ ವಸ್ತುಗಳನ್ನು ಕಂಪನಿಯವರಿಂದಲೇ ಕಟ್ಟಿಸುವುದು ಲೇಸು. ಕಟ್ಟಲು ಬಳಸುವ ಹಸಿ ಮರದ ಚೌಕಟ್ಟಿನ ಮೇಲೆ ಗೋದಿಯ ತೆನೆಯ ಚಿತ್ರವುಳ್ಳ ಮುದ್ರೆಯಿದೆಯೇ ಎಂದು ನೋಡಬೇಕು. ಅದರಲ್ಲಿ ‘ಎಚ್.ಟಿ.’ ಎಂದಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇದ್ದು, ಹುಳುಹುಪ್ಪಡಿ ನಾಶವಾಗಿದೆ ಎಂದರ್ಥ. ಮುದ್ರೆಯಿಲ್ಲದ ಮರ ಬಂದರಿನಲ್ಲಿ ತೊಡಕಾದೀತು.

ಬಿಲ್ ಆಫ್ ಲೇಡಿಂಗ್

ಎಲ್ಲ ಕಾಗದಗಳಿಗಿಂತ ಹಿರಿದಾದುದು ಬಿಲ್ ಆಫ್ ಲೇಡಿಂಗ್. ಇದೊಂದೇ ಪತ್ರ ಮೂರು ಕೆಲಸ ಮಾಡುತ್ತದೆ: ಸರಕನ್ನು ಹೇರಿಕೊಂಡುದಕ್ಕೆ ರಸೀದಿ, ಸಾಗಣೆಯ ಕರಾರಿಗೆ ಸಾಕ್ಷ್ಯ, ಸರಕನ್ನು ಪಡೆಯುವ ಹಕ್ಕಿನ ಪತ್ರ. ನಮ್ಮ ದೇಶದಲ್ಲಿ ಇದರ ಬಗ್ಗೆ 1856ರಷ್ಟು ಹಿಂದೆಯೇ ಕಾಯಿದೆಯಾಗಿತ್ತು. ಅದರ ಸ್ಥಾನದಲ್ಲಿ ಹೊಸ ಕಾಯಿದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು. ಸಾಮಾನ್ಯವಾಗಿ ಇದರ ಮೂರು ಮೂಲಪ್ರತಿಗಳನ್ನು ಕೊಡುತ್ತಾರೆ. ಒಂದನ್ನು ಒಪ್ಪಿಸಿ ಸರಕು ಪಡೆದ ಮೇಲೆ ಉಳಿದೆರಡು ನಿರರ್ಥಕ. ಮೂಲಪ್ರತಿ ಕಳೆದರೆ ಸರಕು ಕಣ್ಣೆದುರಿಗಿದ್ದರೂ ಬಿಡಿಸಿಕೊಳ್ಳುವುದು ಕಷ್ಟ. ಈ ತೊಡಕು ಬೇಡವೆನ್ನುವವರು ‘ಸೀ ವೇಬಿಲ್’ ಕೇಳಬಹುದು. ಅದಕ್ಕೆ ಮೂಲಪ್ರತಿಯನ್ನು ಒಪ್ಪಿಸಬೇಕಾಗಿಲ್ಲ. ಪತ್ರದಲ್ಲಿ ಹೆಸರಿಸಿದವರು ತಾವೇ ಎಂದು ತೋರಿಸಿದರೆ ಸಾಕು. ಅಥವಾ ಮೂಲಪ್ರತಿಗಳನ್ನು ಹೊರಡುವ ಬಂದರಿನಲ್ಲೇ ಹಿಂದಿರುಗಿಸಿ, ಇಲ್ಲಿಯ ಕಚೇರಿಗೆ ಸಂದೇಶ ಕಳುಹಿಸುವಂತೆ ಕೇಳಬಹುದು. ಅದಕ್ಕೆ ‘ಟೆಲೆಕ್ಸ್ ರಿಲೀಸ್’ ಎನ್ನುತ್ತಾರೆ. ಟೆಲೆಕ್ಸ್ ಯಂತ್ರ ಹೋದರೂ ಹೆಸರು ಉಳಿದಿದೆ.

ಈ ಪತ್ರದಲ್ಲಿ ಮೂರು ಹೆಸರುಗಳಿಗೆ ಸ್ಥಳವಿದೆ. ಕಳುಹಿಸುವವರು ‘ಶಿಪ್ಪರ್’. ಪಡೆಯುವ ಹಕ್ಕುಳ್ಳವರು ‘ಕನ್ಸೈನೀ’. ಹಡಗು ಬಂದಾಗ ಸುದ್ದಿ ಮುಟ್ಟಿಸಬೇಕಾದವರು ‘ನೋಟಿಫೈ ಪಾರ್ಟಿ’. ಊರಿನಲ್ಲಿರುವ ತಂದೆಯ ಹೆಸರು ಮೂರನೆಯ ಸ್ಥಾನದಲ್ಲಿದ್ದರೆ ಯಾವ ಬಾಧೆಯೂ ಇಲ್ಲ. ಎರಡನೆಯ ಸ್ಥಾನಕ್ಕೆ ಹೋದರೆ ಏನಾಗುವುದೆಂಬುದನ್ನು ನಮ್ಮ ಪರಿಚಯದ ಒಂದು ಮನೆತನದಲ್ಲಿ ಕಂಡಿದ್ದೇವೆ.

ಮಗ ಅಮೆರಿಕದಲ್ಲಿ ಹನ್ನೆರಡು ವರ್ಷವಿದ್ದು, ತಾಯಿಯ ಅನಾರೋಗ್ಯದ ಕಾರಣ ಮರಳಲು ನಿಶ್ಚಯಿಸಿದ. ತಾನು ಬರುವುದು ಒಂದೆರಡು ತಿಂಗಳು ತಡವಾದೀತೆಂದು ತಂದೆಯನ್ನೇ ಕನ್ಸೈನೀ ಮಾಡಿ ಸಾಮಾನನ್ನು ಮುಂದಾಗಿ ಕಳುಹಿಸಿದ. ಕಂಟೇನರ್ ಬಂದಿತು. ಬಿಡಿಸಲು ಹೋದ ತಂದೆಗೆ ಕಸ್ಟಮ್ಸ್‌ನವರು ಕೇಳಿದ ಪ್ರಶ್ನೆ ಒಂದೇ: “ಇದು ಪ್ರಯಾಣಿಕರ ಲಗೇಜಾದರೆ ಪ್ರಯಾಣಿಕರೆಲ್ಲಿ?” ಮಗ ಬರಬೇಕಾಯಿತು, ಪತ್ರದಲ್ಲಿ ಹೆಸರು ಬದಲಾಗಬೇಕಾಯಿತು, ಹಡಗಿನ ಸರಕುಪಟ್ಟಿಯಲ್ಲೂ ತಿದ್ದುಪಡಿ ಆಗಬೇಕಾಯಿತು. ಅಷ್ಟು ದಿನವೂ ಬಾಡಿಗೆ ಏರುತ್ತಲೇ ಇತ್ತು. ತಾಯಿಯ ಶುಶ್ರೂಷೆಗೆಂದು ಇಟ್ಟಿದ್ದ ಹಣದಲ್ಲಿ ಒಂದು ಪಾಲು ಹಳೆಯ ಸೋಫಾ, ಮಂಚಗಳನ್ನು ಬಿಡಿಸುವುದಕ್ಕೆ ವ್ಯಯವಾಯಿತು. ಇಲ್ಲಿ ಯಾರ ವಂಚನೆಯೂ ಇರಲಿಲ್ಲ. ಒಂದು ಹೆಸರು ತನ್ನದಲ್ಲದ ಸ್ಥಾನದಲ್ಲಿ ಕುಳಿತಿತ್ತು, ಅಷ್ಟೇ.

ಸುಂಕದ ಮಾತುಗಳು

ಕಸ್ಟಮ್ಸ್‌ನವರ ಪರಿಭಾಷೆಯಲ್ಲಿ ಈ ಸಾಮಾನಿಗೆ ‘ಅನ್‌ಅಕಂಪನೀಡ್ ಬ್ಯಾಗೇಜ್’ ಎಂದು ಹೆಸರು. ಪ್ರಯಾಣಿಕರ ಜೊತೆಯಲ್ಲಿ ಬಾರದೆ ಬೇರೆಯಾಗಿ ಬರುವ ಲಗೇಜು ಎಂದರ್ಥ. ಜೊತೆಯಲ್ಲಿ ಬಾರದಿದ್ದರೂ ಅದು ಪ್ರಯಾಣಿಕರದೇ. 1962ರ ಕಸ್ಟಮ್ಸ್ ಕಾಯಿದೆಯ 77ನೆಯ ಕಲಮಿನಂತೆ ಲಗೇಜಿನಲ್ಲಿ ಏನಿದೆಯೆಂದು ಅದರ ಒಡೆಯರೇ ಘೋಷಿಸಬೇಕು. ಪಾಸ್‌ಪೋರ್ಟಿನಲ್ಲಿರುವ ಹೆಸರೂ ಬಿಲ್ ಆಫ್ ಲೇಡಿಂಗಿನ ಹೆಸರೂ ಅಕ್ಷರ ತಪ್ಪದೆ ಒಂದೇ ಆಗಿರಲಿ. ಮನೆತನದ ಹೆಸರನ್ನು ಒಂದೆಡೆ ಮೊದಲು, ಇನ್ನೊಂದೆಡೆ ಕೊನೆಗೆ ಬರೆಯುವ ನಮ್ಮ ಪದ್ಧತಿಯಿಂದಲೂ ತೊಡಕಾಗುವುದುಂಟು.

ನೆಲೆ ಬದಲಿಸಿ ಬರುವವರಿಗೆ ಬಳಸಿದ ಗೃಹೋಪಯೋಗಿ ವಸ್ತುಗಳ ಮೇಲೆ ಸುಂಕದ ರಿಯಾಯಿತಿ ಇದೆ. ಅದಕ್ಕೆ ‘ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್’ ಎನ್ನುತ್ತಾರೆ. ಎಷ್ಟು ಕಾಲ ಪರದೇಶದಲ್ಲಿದ್ದರು ಎಂಬುದರ ಮೇಲೆ ರಿಯಾಯಿತಿಯ ಪ್ರಮಾಣ ನಿಂತಿರುತ್ತದೆ. 2016ರ ನಿಯಮಾವಳಿಯಲ್ಲಿ, ಸಾಮಾನು ಪ್ರಯಾಣಿಕರಿಗಿಂತ ಎರಡು ತಿಂಗಳು ಮುಂಚೆ ಬರಬಹುದು, ಅಥವಾ ಅವರು ಬಂದ ಒಂದು ತಿಂಗಳೊಳಗೆ ಅಲ್ಲಿಂದ ಹೊರಡಬೇಕು ಎಂಬ ಸಾಮಾನ್ಯ ಮಿತಿಯಿತ್ತು. ಸರ್ಕಾರ ಇಂಥ ನಿಯಮಗಳನ್ನು, ಮೊತ್ತಗಳನ್ನು ಆಗಾಗ ಬದಲಿಸುತ್ತಿರುತ್ತದೆ. ಆದಕಾರಣ ಹಿಂದೆ ಬಂದವರ ಅನುಭವವನ್ನು ನೆಚ್ಚದೆ, ಹೊರಡುವ ಕಾಲದಲ್ಲಿ ಜಾರಿಯಲ್ಲಿರುವ ನಿಯಮವನ್ನೇ ಕಸ್ಟಮ್ಸ್ ಇಲಾಖೆಯಿಂದ ಅಥವಾ ಪರವಾನಗಿಯುಳ್ಳ ಕಸ್ಟಮ್ಸ್ ಬ್ರೋಕರರಿಂದ ತಿಳಿಯಬೇಕು.

ಬಿಡಿಸುವುದು ಎಲ್ಲಿ ಎಂಬುದೂ ಮುಖ್ಯ. ಬೆಂಗಳೂರಿಗೆ ಕಡಲಿಲ್ಲವಾದರೂ ಒಳನಾಡಿನ ಕಂಟೇನರ್ ನಿಲ್ದಾಣವಿದೆ. ಚೆನ್ನೈ ಬಂದರಿನಲ್ಲಿ ಇಳಿದ ಕಂಟೇನರ್ ರೈಲಿನಲ್ಲಿ ವೈಟ್‌ಫೀಲ್ಡಿಗೆ ಬಂದು ಅಲ್ಲಿಯೇ ತಪಾಸಣೆಯಾಗಬಹುದು. ಬಿಲ್ ಆಫ್ ಲೇಡಿಂಗಿನಲ್ಲಿ ‘ಇಳಿಸುವ ಬಂದರು’ ಮತ್ತು ‘ಒಪ್ಪಿಸುವ ಸ್ಥಳ’ ಎಂಬ ಎರಡು ಮನೆಗಳಿರುತ್ತವೆ. ಎರಡರಲ್ಲಿಯೂ ಚೆನ್ನೈ ಎಂದೇ ಬರೆದಿದ್ದರೆ ಬೆಂಗಳೂರಿನವರು ಚೆನ್ನೈಗೆ ಓಡಾಡಬೇಕಾದೀತು.

ಬಂದರಿನಲ್ಲಿ ಬಾಡಿಗೆಯಿಲ್ಲದ ಕೆಲವು ದಿನಗಳಿರುತ್ತವೆ. ಅವಕ್ಕೆ ‘ಫ್ರೀ ಡೇಸ್’ ಎನ್ನುತ್ತಾರೆ. ಅವು ಮುಗಿದ ಮೇಲೂ ತುಂಬಿದ ಕಂಟೇನರ್ ಒಳಗೇ ನಿಂತಿದ್ದರೆ ‘ಡೆಮರೇಜ್’. ಈ ಮಾತಿನ ಮೂಲ, ತಡೆದು ನಿಲ್ಲು ಎಂಬರ್ಥದ ಹಳೆಯ ಫ್ರೆಂಚ್ ಧಾತು. ಕಂಟೇನರನ್ನು ಹೊರಕ್ಕೆ ತಂದು, ಖಾಲಿ ಮಾಡಿ ಹಿಂದಿರುಗಿಸಲು ತಡವಾದರೆ ‘ಡಿಟೆನ್ಷನ್’. ಒಳಗೆ ನಿಂತುದಕ್ಕೆ ಒಂದು, ಹೊರಗೆ ಇಟ್ಟುಕೊಂಡುದಕ್ಕೆ ಇನ್ನೊಂದು. ನಿಲ್ದಾಣದವರ ನೆಲಬಾಡಿಗೆ ಇವೆರಡಕ್ಕಿಂತ ಬೇರೆ. ದಿನ ಕಳೆದಂತೆ ದರವೂ ಏರುವುದು ಸಾಮಾನ್ಯ.

ವಿಮೆ

ಹಡಗು ಕಂಪನಿಯವರು ಸಾಗಿಸಿದ ಮಾತ್ರಕ್ಕೆ ಸಾಮಾನಿನ ಪೂರ್ಣ ಬೆಲೆಗೆ ಹೊಣೆಯಾಗುವುದಿಲ್ಲ. ಅಮೆರಿಕದ 1936ರ ಕಡಲ ಸಾಗಣೆಯ ಕಾಯಿದೆಯಲ್ಲಿ, ಬೆಲೆಯನ್ನು ಮೊದಲೇ ಘೋಷಿಸದಿದ್ದರೆ ಒಂದು ಪ್ಯಾಕೇಜಿಗೆ 500 ಡಾಲರು ಹೊಣೆಯ ಮಿತಿ. ಆದ್ದರಿಂದ ವಿಮೆ ಬೇರೆಯಾಗಿಯೇ ಬೇಕು. ‘ಆಲ್ ರಿಸ್ಕ್’ ವಿಮೆಯು ಒಡೆತ, ಕಳವು, ನೀರು ತಗಲುವುದು ಮುಂತಾದವನ್ನು ಒಳಗೊಳ್ಳುತ್ತದೆ. ‘ಟೋಟಲ್ ಲಾಸ್’ ವಿಮೆಯು ಸರ್ವನಾಶವಾದರೆ ಮಾತ್ರ. 10 ಲಕ್ಷ ರೂಪಾಯಿ ಬಾಳುವ ಸಾಮಾನಿಗೆ ಕಂತು ಉಳಿಸಲೆಂದು 5 ಲಕ್ಷಕ್ಕೆ ವಿಮೆ ಮಾಡಿಸಿ, ನಂತರ 1 ಲಕ್ಷದ ಹಾನಿಯಾದರೆ 50 ಸಾವಿರವನ್ನಷ್ಟೇ ಕೊಡುವ ಕರಾರು ಸಾಮಾನ್ಯ.

ಕೊನೆಯದಾಗಿ ‘ಜನರಲ್ ಆವರೇಜ್’. ಆವರೇಜ್ ಎಂದರೆ ಇಲ್ಲಿ ಸರಾಸರಿಯಲ್ಲ. ಹಾನಿಗೊಂಡ ಸರಕು ಎಂಬರ್ಥದ ಅರಬ್ಬಿ ಮೂಲದಿಂದ ಬಂದ ಮಾತಿದು. ಹಡಗನ್ನೂ ಸರಕನ್ನೂ ಒಟ್ಟಾಗಿ ಅಪಾಯದಿಂದ ಪಾರುಮಾಡಲು ಬುದ್ಧಿಪೂರ್ವಕವಾಗಿ ಮಾಡಿದ ತ್ಯಾಗವನ್ನು, ವೆಚ್ಚವನ್ನು ಹಡಗಿನ ಒಡೆಯರೂ ಸರಕಿನ ಒಡೆಯರೆಲ್ಲರೂ ತಮ್ಮ ತಮ್ಮ ಸ್ವತ್ತಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳುವ ಪುರಾತನ ಧರ್ಮ. 2021ರ ಮಾರ್ಚ್ 23ರಂದು ‘ಎವರ್ ಗಿವನ್’ ಎಂಬ ಹಡಗು 18,000ಕ್ಕೂ ಹೆಚ್ಚು ಕಂಟೇನರುಗಳೊಡನೆ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಲುಕಿತು. ಮಾರ್ಚ್ 29ರಂದು ಬಿಡುಗಡೆಯಾದರೂ ಈಜಿಪ್ಟಿನವರು ಅದನ್ನು ಜುಲೈ 7ರವರೆಗೆ ತಡೆದಿಟ್ಟರು. ಹಡಗಿನ ಒಡೆಯರು ಜನರಲ್ ಆವರೇಜ್ ಘೋಷಿಸಿದರು. ಇಂಥ ಸಂದರ್ಭದಲ್ಲಿ, ತನ್ನ ಸಾಮಾನಿಗೆ ಒಂದು ಗೀರೂ ಬೀಳದಿದ್ದವರು ಕೂಡ ಪಾಲು ಕೊಡುವ ಭರವಸೆಪತ್ರ ಬರೆದುಕೊಡದೆ ಸರಕು ಪಡೆಯಲಾಗದು. ವಿಮೆಯಿದ್ದರೆ ವಿಮಾ ಕಂಪನಿ ಜಾಮೀನು ನಿಲ್ಲುತ್ತದೆ. ಇಲ್ಲದವರು ನಗದು ಠೇವಣಿ ಇಡಬೇಕಾಗುತ್ತದೆ. ‘ಪಾತ್ರೆ ಒಡೆದರೆ ಒಡೆಯಲಿ, ನಮಗೆ ವಿಮೆ ಬೇಡ’ ಎನ್ನುವ ಯಜಮಾನರು ಇದನ್ನು ನೆನಪಿನಲ್ಲಿಡಬೇಕು.

ಹಡಗು ಬರುವ ದಿನವನ್ನು ‘ಇ.ಟಿ.ಎ.’ ಎಂದು ಬರೆಯುತ್ತಾರೆ. ಅದರಲ್ಲಿನ ‘ಇ’ ಅಂದಾಜು ಎಂಬುದರ ಸಂಕೇತ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳಾದಾಗ ಅನೇಕ ಹಡಗುಗಳು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ಬರಬೇಕಾಯಿತು. ಆದ್ದರಿಂದ ಅಂದಾಜಿನ ದಿನವನ್ನು ನಂಬಿ ಗೃಹಪ್ರವೇಶದ ಮುಹೂರ್ತ ಇಡುವುದು ಬೇಡ. ಪಾಸ್‌ಪೋರ್ಟು, ಮಕ್ಕಳ ಶಾಲಾಪತ್ರಗಳು, ಒಡವೆ, ಹಿರಿಯರ ಔಷಧಿ, ಹಾಗೂ ಬಿಲ್ ಆಫ್ ಲೇಡಿಂಗಿನ ಮೂಲಪ್ರತಿ ಕೈಚೀಲದಲ್ಲಿಯೇ ಬರಲಿ. ಅಮೆರಿಕದ 120 ವೋಲ್ಟಿನ ಮಿಕ್ಸರು, ಒಲೆಗಳು ನಮ್ಮ 230 ವೋಲ್ಟಿನ ವಿದ್ಯುತ್ತಿಗೆ ನೇರವಾಗಿ ಹೊಂದುವುದಿಲ್ಲ. ಅವನ್ನು ತರುವ ಮೊದಲು ಯೋಚಿಸಬೇಕು.

ಮಕ್ಕಳು ಪರದೇಶದಿಂದ ಮರಳುವ ಸುದ್ದಿ ಬಂದ ಮನೆಯವರಲ್ಲಿ ನಮ್ಮದೊಂದು ವಿನಂತಿ. ಸಾಮಾನು ಕಟ್ಟುವ ಮೊದಲೇ ಮಗನಿಂದಲೋ ಸೊಸೆಯಿಂದಲೋ ದರಪತ್ರ, ಕರಾರು, ಬಿಲ್ ಆಫ್ ಲೇಡಿಂಗಿನ ಕರಡು, ವಿಮೆಯ ಷರತ್ತು, ಈ ನಾಲ್ಕನ್ನೂ ತರಿಸಿಕೊಳ್ಳಿರಿ. ಅರ್ಥವಾಗದ ಪದದ ಕೆಳಗೆ ಗೆರೆ ಎಳೆದು, ಹೊಣೆ ಯಾರದು, ಎಲ್ಲಿಯವರೆಗೆ, ಹಣ ಯಾರದು ಎಂದು ಕೇಳಿರಿ. ಕೇಳುವುದರಲ್ಲಿ ಸಂಕೋಚ ಬೇಡ; ಉತ್ತರವನ್ನು ಬಾಯಿಮಾತಿಗೆ ಬಿಡದೆ ಬರಹದಲ್ಲಿ ಪಡೆಯಿರಿ. ಮನೆಗೆ ಮರಳುವವರು ತಡೆಯಿಲ್ಲದೆ ಮರಳಲಿ, ಅವರ ಪದಾರ್ಥಗಳೂ ಕ್ಷೇಮವಾಗಿ ಮನೆ ಸೇರಲಿ ಎಂದು ಹಾರೈಸುತ್ತೇವೆ.